ಖಾಯಂ ವಿಳಾಸ

ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ ಅರ್ಜಿ ತುಂಬುವ ದಿನಗಳಲ್ಲಿ ಕಾಸರಗೋಡಿನ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹತ್ತನೇ ಪಾಸಾದ ಮಕ್ಕಳು, ಜೊತೆಗೆ ಅಮ್ಮಂದಿರು, ಅಮ್ಮಂದಿರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಇರುವ ಬರುವ ಕಾಗದವೆಲ್ಲ. 2023ರ ಜೂನ್‌ನಲ್ಲಿ ಒಬ್ಬ ಹುಡುಗ ನನ್ನ ಪಕ್ಕ ಕೂತಿದ್ದ. ಹೆಸರು, ಹುಟ್ಟಿದ ತಾರೀಕು, ಯಾವ ವಿಷಯಕ್ಕೆ ಯಾವ ಗ್ರೇಡು, ಎಲ್ಲ ಪಟಪಟ ಹೇಳಿದ. ಖಾಯಂ ವಿಳಾಸ ಕೇಳಿದೆ. ಸುಮ್ಮನಾದ. ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೇಳಿದೆ. "ಯಾವುದು ಬರೆಯುವುದು ಟೀಚರ್? ಈಗ ಇರುವುದಾ, ಕಾರ್ಡಲ್ಲಿ ಇರುವುದಾ?" ಅಂದ.

ಈಗ ಇರುವುದು ಬಾಡಿಗೆ ಕ್ವಾರ್ಟರ್ಸಿನಲ್ಲಿ, ಪಕ್ಕದ ಪಂಚಾಯತಿನಲ್ಲಿ. ಅದಕ್ಕೂ ಮೊದಲು ಇನ್ನೊಂದು ಕ್ವಾರ್ಟರ್ಸ್. ಅದಕ್ಕೂ ಮೊದಲು ದೊಡ್ಡಪ್ಪನ ಮನೆಯ ಜಗಲಿ. ರೇಷನ್ ಕಾರ್ಡಿನಲ್ಲಿ ಇರುವುದು ಆ ಜಗಲಿಯ ವಿಳಾಸ. ಪ್ಲಸ್ ವನ್ ಸೀಟಿಗೆ ಶಾಲೆ ಇರುವ ಪಂಚಾಯತಿನದೇ ಮಗುವಾದರೆ ಬೋನಸ್ ಅಂಕ ಉಂಟು. ಹಾಗಾಗಿ ಎಲ್ಲಿ ವಾಸ ಅನ್ನುವುದು ಅವನಿಗೆ ಬರೀ ಒಂದು ಖಾಲಿ ಜಾಗ ತುಂಬುವ ವಿಷಯ ಆಗಿರಲಿಲ್ಲ. ಕಾರ್ಡಿನಲ್ಲಿ ಇರುವುದನ್ನೇ ಬರೆದೆವು. ಸೀಟೂ ಸಿಕ್ಕಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹದಿನಾರು ವರ್ಷದ ಹುಡುಗ, ಇದೇ ಮಣ್ಣಿನಲ್ಲಿ ಹುಟ್ಟಿದವನು, ತನ್ನ ಮನೆ ಎಲ್ಲಿ ಅಂತ ನನ್ನನ್ನು ಕೇಳಿದ.

ಒಳಗೆ ಅಂತ ಒಂದಿಲ್ಲ

ಆ ಜಗಲಿಯನ್ನು ನಾನು ನೋಡಿದ್ದೆ. 2020ರ ಜೂನ್. ಕೊರೊನಾ ಬಂದು ಶಾಲೆ ಮುಚ್ಚಿತ್ತು, ಪಾಠ ಆನ್‌ಲೈನ್ ಆಗಿತ್ತು. ಯಾವ ಮಗುವಿನ ಮನೆಯಲ್ಲಿ ಟಿವಿ ಉಂಟು, ಮೊಬೈಲ್ ಉಂಟು ಅಂತ ನೋಡಿಕೊಂಡು ಬರಲು ನಾವು ಟೀಚರ್‌ಗಳು ಮನೆಮನೆಗೆ ಹೋಗಿದ್ದೆವು. ಅವನು ಆಗ ಎಂಟನೇ ಕ್ಲಾಸು. ಮಳೆ ಹಿಡಿದಿತ್ತು. ಅಡಿಕೆ ತೋಟದ ಬದಿಯಲ್ಲಿ ಇಳಿದು ಹೋದರೆ ಒಂದು ಹಂಚಿನ ಮನೆ. ಮನೆಯ ಬಲಗಡೆಯ ಜಗಲಿಗೆ ಯಾವುದೋ ಕ್ಲಬ್ಬಿನ ಹಳೆಯ ಫ್ಲೆಕ್ಸ್ ಕಟ್ಟಿ ಮರೆ ಮಾಡಿದ್ದರು. ಆ ಮರೆಯ ಹಿಂದೆ ಅಮ್ಮ, ಮಗ, ಚಿಕ್ಕ ಮಗಳು.

ನಾನು ಅಂಗಳದಲ್ಲೇ ಕೊಡೆ ಹಿಡಿದು ನಿಂತಿದ್ದೆ. ಅವರಮ್ಮ ಬೀಡಿ ಕಟ್ಟುತ್ತಿದ್ದವರು ಮೊರ ಬದಿಗಿಟ್ಟು ಎದ್ದರು. "ಟೀಚರೇ, ಒಳಗೆ ಬನ್ನಿ ಅನ್ಲಿಕ್ಕೆ ನಮಗೆ ಒಳಗೆ ಅಂತ ಒಂದಿಲ್ಲ" ಅಂದರು. ಬೇಸರದಲ್ಲಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೇಳಿ ಮಣೆ ಕೊಟ್ಟರು.

ಕೂತು ನೋಡಿದೆ. ಶಾಲೆಯ ಚೀಲ ಪಕ್ಕಾಸಿಗೆ ಹೊಡೆದ ಮೊಳೆಯಲ್ಲಿ ನೇತಾಡುತ್ತಿತ್ತು. ನೆಲದಲ್ಲಿಟ್ಟರೆ ಗೆದ್ದಲು. ಅದರ ಕೆಳಗೆ ಒದ್ದೆ ಆಗದ ಹಾಗೆ ಟರ್ಪಾಲು ಮಡಚಿ ಹಾಸಿದ ಮೂರು ಚಾಪೆ. ಒಲೆ ಹೊರಗೆ, ಮನೆಯ ಹಿಂದಿನ ಚಪ್ಪರದಲ್ಲಿ. ಪುಸ್ತಕ ತೆಗೆದು ತೋರಿಸು ಅಂದೆ. ಕನ್ನಡ ಪಠ್ಯಪುಸ್ತಕ ಬಿಡಿಸಿದರೆ ಹೊಗೆಸೊಪ್ಪಿನ ವಾಸನೆ. ಮೊಬೈಲ್ ಇದ್ದದ್ದು ದೊಡ್ಡಪ್ಪನ ಮಗನ ಹತ್ತಿರ. ಅವನು ಕೆಲಸದಿಂದ ಬಂದ ಮೇಲೆ ರಾತ್ರಿ ಎಂಟರಿಂದ ಒಂಬತ್ತರ ತನಕ ಕೊಡುತ್ತಿದ್ದ.

ಅಪ್ಪ ತೀರಿಕೊಂಡು ಮೂರು ವರ್ಷ ಆಗಿತ್ತು. ಅಮ್ಮನ ತವರು ಗಡಿಯ ತಲಪಾಡಿಯ ಆಚೆ, ಬಂಟ್ವಾಳದ ಕಡೆ. ಮದುವೆಯಾಗಿ ಬಂದು ಹದಿನಾಲ್ಕು ವರ್ಷ ಆದರೂ ಹೆಸರು ಕರ್ನಾಟಕದ ಕಾರ್ಡಿನಲ್ಲೇ ಉಳಿದಿತ್ತು. ಗಡಿಯ ನಮ್ಮ ಹೆಣ್ಣುಮಕ್ಕಳಿಗೆ ಇದು ಎಲ್ಲರಿಗೂ ಗೊತ್ತಿರುವ ತಾಪತ್ರಯ. ಅಲ್ಲಿ ಹೆಸರು ತೆಗೆಸಿದ ಸರ್ಟಿಫಿಕೇಟ್ ತರದೆ ಇಲ್ಲಿ ಸೇರಿಸುವುದಿಲ್ಲ. ಗಂಡ ಇರುವಾಗ ಭಾವನ ಕಾರ್ಡಿನಲ್ಲೇ ಎಲ್ಲ ನಡೆದು ಹೋಗುತ್ತಿತ್ತು. ಗಂಡ ಹೋದ ಮೇಲೆ ತನ್ನದೇ ಒಂದು ಕಾರ್ಡು ಬೇಕು ಅಂತ ಅವರು ಹೊರಟರು. ಆಚೆ ನಾಲ್ಕು ಸಲ, ಈಚೆ ಆರು ಸಲ. ಒಂದೊಂದು ಸಲಕ್ಕೂ ಒಂದು ದಿನದ ಬೀಡಿ ಹೋಯಿತು. ಕೊನೆಗೆ 2019ರಲ್ಲಿ ಕಾರ್ಡು ಬಂತು. ಅದನ್ನು ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದರು. ನನಗೆ ತೆಗೆದು ತೋರಿಸಿದರು. ಮೂರು ಹೆಸರು.

2020ರ ಆಗಸ್ಟಿನಲ್ಲಿ ಲೈಫ್ ಯೋಜನೆಗೆ, ಅಂದರೆ ಮನೆ ಇಲ್ಲದವರಿಗೆ ಮನೆ ಕೊಡುವ ಕೇರಳ ಸರ್ಕಾರದ ಯೋಜನೆಗೆ, ಹೊಸ ಅರ್ಜಿ ಕರೆದರು. ಸ್ವಂತ ರೇಷನ್ ಕಾರ್ಡು ಇದ್ದ ಕುಟುಂಬಕ್ಕೆ ಅವಕಾಶ. ಅವರಿಗೆ ಕಾರ್ಡು ಇತ್ತು. ಅರ್ಜಿ ಹಾಕಿದೆವು. ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ದೊಡ್ಡಪ್ಪನ ಮಗ, ಅಂದರೆ ಆ ಮೊಬೈಲಿನ ಹುಡುಗ, ಮುಂದಿನ ವರ್ಷ ಮದುವೆಯಾದ. ಅಡುಗೆ ಕೋಣೆಯ ಅರ್ಧಕ್ಕೆ ಸೀರೆ ಕಟ್ಟಿ ಸಂಸಾರ ಹೂಡಿದ. ಅವನ ಹೆಸರು ಅಪ್ಪನ ಕಾರ್ಡಿನಲ್ಲಿ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅವನಿಗೆ ಮನೆ ಉಂಟು.

ಹತ್ತು ಸೆಂಟ್ಸಿನ ಕಥೆ

ನಮ್ಮ ಊರಲ್ಲಿ ಮನೆ ಇಲ್ಲದವರು ಬೀದಿಯಲ್ಲಿ ಕಾಣುವುದಿಲ್ಲ. ಜನಗಣತಿಯವರು ಮನೆಯಿಲ್ಲದವರು ಅಂತ ಬರೆದುಕೊಳ್ಳುವುದು ರಸ್ತೆ ಬದಿ, ರೈಲು ನಿಲ್ದಾಣ, ಸೇತುವೆಯ ಅಡಿಯಲ್ಲಿ ಮಲಗುವವರನ್ನು. 2011ರಲ್ಲಿ ದೇಶದಲ್ಲಿ ಅಂಥವರು 17 ಲಕ್ಷಕ್ಕೂ ಜಾಸ್ತಿ ಇದ್ದರು. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮನೆ ಇಲ್ಲದಿರುವುದು ಅಂದರೆ ಇನ್ನೊಬ್ಬರ ಮನೆಯ ಒಳಗೆ ಇರುವುದು. ಅಕ್ಕನ ಮನೆಯ ಚಾವಡಿ, ಭಾವನ ಜಗಲಿ, ಧಣಿಗಳ ತೋಟದ ಶೆಡ್ಡು, ಸಾಲು ಕೋಣೆಯ ಕ್ವಾರ್ಟರ್ಸ್. ಹೊರಗಿಂದ ನೋಡಿದರೆ ಎಲ್ಲರ ತಲೆಯ ಮೇಲೂ ಹಂಚು ಉಂಟು.

ಇದು ಹೇಗಾಯಿತು ಅಂತ ನಾನು ನನ್ನ ವಿದ್ಯಾರ್ಥಿಗಳ ಮನೆ ಕಥೆ ಕೇಳಿ ಕೇಳಿಯೇ ತಿಳಿದುಕೊಂಡೆ. ಕೇರಳದ ಭೂಸುಧಾರಣೆ ತಿದ್ದುಪಡಿ ಕಾನೂನು 1970ರ ಜನವರಿ 1ಕ್ಕೆ ಜಾರಿಗೆ ಬಂತು. ಧಣಿಗಳ ಜಾಗದಲ್ಲಿ ಗುಡಿಸಲು ಕಟ್ಟಿ ಕೂತವರಿಗೆ ಆ ಗುಡಿಸಲಿನ ಸುತ್ತ ಪಂಚಾಯತಿನಲ್ಲಿ 10 ಸೆಂಟ್ಸ್, ಅಂದರೆ ಎಕರೆಯ ಹತ್ತರಲ್ಲಿ ಒಂದು ಪಾಲು ಜಾಗ ತಮ್ಮದು ಮಾಡಿಕೊಳ್ಳುವ ಹಕ್ಕು ಬಂತು. ನಮ್ಮ ಹಿರಿಯರು ಈಗಲೂ ಅದನ್ನು ಕುಡಿಕಿಡಪ್ಪು ಅಂತಲೇ ಹೇಳುತ್ತಾರೆ. ಇಳಿ ಅಂದರೆ ಇಳಿಯಬೇಕಾಗಿದ್ದ ಜನ ಮೊದಲ ಸಲ ಇಳಿಯುವುದಿಲ್ಲ ಅನ್ನಬಹುದಾಯಿತು. ಆಮೇಲೆ 1972ರಲ್ಲಿ ಮುಖ್ಯಮಂತ್ರಿ ಅಚ್ಯುತ ಮೇನೋನರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಎಂ. ಎನ್. ಗೋವಿಂದನ್ ನಾಯರ್ ಲಕ್ಷ ಮನೆ ಯೋಜನೆ ತಂದರು. ಒಂದೇ ಗೋಡೆಗೆ ಅಂಟಿದ ಜೋಡಿ ಮನೆಗಳು. ಇವೆಲ್ಲ ಸಣ್ಣ ಕೆಲಸವಲ್ಲ. ಆ ಹತ್ತು ಸೆಂಟ್ಸ್ ಇಲ್ಲದಿದ್ದರೆ ನಾನು ಪಾಠ ಮಾಡಿದ ಅರ್ಧ ಮಕ್ಕಳು ಶಾಲೆ ಕಾಣುತ್ತಿರಲಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ.

ಆದರೆ ಹತ್ತು ಸೆಂಟ್ಸ್ ಬೆಳೆಯುವುದಿಲ್ಲ. ಅಜ್ಜನಿಗೆ ಹತ್ತು. ಅಜ್ಜನಿಗೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೆ ಎರಡೂವರೆ. ಅದರಲ್ಲಿ ಬಾವಿ, ದಾರಿ, ದೈವದ ಕಲ್ಲು. ಮೂರನೇ ತಲೆಗೆ ಬರುವಾಗ ಭಾಗ ಮಾಡಲು ಏನೂ ಉಳಿದಿರುವುದಿಲ್ಲ, ಸುಮ್ನೆ ಒಟ್ಟಿಗೆ ಇರುತ್ತಾರೆ. ನನ್ನ ಹುಡುಗನ ಅಪ್ಪನಿಗೂ ಅಲ್ಲಿ ಪಾಲು ಇತ್ತು. ಪಾಲು ಅಂದರೆ ಆ ಜಗಲಿ.

ಈಗ ಹೊಸ ಮನೆಗೆ ಜಾಗ ಬೇಕು. ಇದ್ದವರಿಂದ ಜಾಗ ದಾನ ಪಡೆಯಲು ಸರ್ಕಾರ 2021ರ ಕೊನೆಯಲ್ಲಿ 'ಮನಸ್ಸೋಡಿತ್ತಿರಿ ಮಣ್ಣ್' ಅಂತ ಅಭಿಯಾನ ಶುರು ಮಾಡಿತು. ಮನಸ್ಸಿಟ್ಟು ಒಂಚೂರು ಮಣ್ಣು ಅಂತ ಅರ್ಥ. ಹೆಸರು ಕೇಳಿದಾಗಲೇ ನನಗೆ ಇಷ್ಟವಾಗಿತ್ತು. ಕೊಟ್ಟವರೂ ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ಯಾರೇ ಆಗಲಿ, ತೋಟದ ನಡುವಿನ ಜಾಗ ಕೊಡುವುದಿಲ್ಲ ಅಲ್ವಾ? ನನಗೆ ಗೊತ್ತಿರುವ ಒಂದು ಕುಟುಂಬಕ್ಕೆ ಪದವಿನ ಮೇಲೆ ಮೂರು ಸೆಂಟ್ಸ್ ಸಿಕ್ಕಿತು. ಸುತ್ತ ಮುರಕಲ್ಲು ಪಾರೆ. ನೀರಿಗೆ ಅಡ್ಡಕ್ಕೆ ಸುರಂಗ ತೋಡಲು ಗುಡ್ಡದ ಬರೆ ಇಲ್ಲ, ಬಾವಿ ತೋಡಲು ದುಡ್ಡಿಲ್ಲ. ಬೇಸಗೆಯಲ್ಲಿ ನೀರಿಗೆ ಒಂದು ಮೈಲು ಇಳಿಯಬೇಕು. ಅವರು ಬೇಡ ಅನ್ನಲಿಲ್ಲ. ಬೇಡ ಅಂದರೆ ಪಟ್ಟಿಯಿಂದ ಹೆಸರು ಹೋದೀತು ಅಂತ ಹೆದರಿದ್ದರು.

ಈ ಮಾತು ಬಂದಾಗ ಬದಿಯಡ್ಕ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರನ್ನು ನೆನೆಯದೆ ಇರಲಾರೆ. ಕಾಶಿಗೆ ಹೋಗಲು ಕೂಡಿಟ್ಟ ದುಡ್ಡಿನಲ್ಲಿ, ಮಳೆಗೆ ಮನೆ ಕಳಕೊಂಡ ಒಬ್ಬರಿಗೆ 1995ರಲ್ಲಿ ಮನೆ ಕಟ್ಟಿಸಿ ಕೊಟ್ಟರು. ಅಲ್ಲಿಂದ ಶುರುವಾದದ್ದು 250ಕ್ಕೂ ಜಾಸ್ತಿ ಮನೆಗಳಾಯಿತು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. 2022ರಲ್ಲಿ ಅವರು ತೀರಿಕೊಂಡಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಮಾತು ಬರಲಿಲ್ಲ. ಅಂಥ ಒಬ್ಬರು ನಮ್ಮ ನಡುವೆ ಇದ್ದರು ಅನ್ನುವುದು ಭಾಗ್ಯ. ಆದರೂ ಒಂದು ಮಗುವಿನ ತಲೆಯ ಮೇಲಿನ ಮಾಡು ಯಾರದೋ ಒಳ್ಳೆಯತನಕ್ಕೆ ಕಾಯಬಾರದು. ಅದು ಸರ್ಕಾರದ ಕೆಲಸ.

ಪಟ್ಟಿಯ ವರ್ಷ, ಮಗುವಿನ ವರ್ಷ

ಸರ್ಕಾರ ಕೆಲಸ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ನೋಡಿದವಳು ನಾನು. ಲೈಫ್ ಯೋಜನೆ ಶುರುವಾದಾಗ ಮೊದಲು ಕೈ ಹಾಕಿದ್ದು ಹಳೆಯ ಯೋಜನೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳಿಗೆ. ರಾಜ್ಯದಲ್ಲಿ ಅಂಥವು 50 ಸಾವಿರಕ್ಕೂ ಹೆಚ್ಚು ಇದ್ದವು. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಗೋಡೆ, ಗೋಡೆಯ ಮೇಲೆ ಹಬ್ಬಿದ ಬಳ್ಳಿ, ತುಕ್ಕು ಹಿಡಿದ ಕಬ್ಬಿಣ, ಹಿಂದೆ ಟರ್ಪಾಲಿನ ಶೆಡ್ಡಿನಲ್ಲಿ ಸಂಸಾರ. ಹೊಸ ಮನೆ ಬರುತ್ತದೆ ಅಂತ ಹಳೆಯದನ್ನು ಕೆಡವಿದವರ ಪಾಡು ಅದು. ಅವನ್ನು ಮುಗಿಸುವುದರಿಂದಲೇ ಶುರು ಮಾಡಿದ್ದು ಸರಿಯಾದ ಬುದ್ಧಿ. ಆಮೇಲೆ ಜಾಗ ಇದ್ದು ಮನೆ ಇಲ್ಲದವರು, ಕೊನೆಗೆ ಜಾಗವೂ ಇಲ್ಲದವರು. ಒಂದು ಮನೆಗೆ 4 ಲಕ್ಷ ರೂಪಾಯಿ, ದೂರದ ಆದಿವಾಸಿ ಕೇರಿಗಳಲ್ಲಿ 6 ಲಕ್ಷ. ಇದುವರೆಗೆ ರಾಜ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಮನೆ ಎದ್ದಿವೆ.

ಹಳ್ಳಿಯಲ್ಲಿ ಕೇಂದ್ರದ ಆವಾಸ್ ಯೋಜನೆಯಿಂದ ಒಂದು ಮನೆಗೆ ಬರುವುದು 72 ಸಾವಿರ. ಹಾಗೆ ಕೇಂದ್ರದ ಪಾಲು ಸೇರಿದ ಮನೆಯ ಗೋಡೆಗೆ ಯೋಜನೆಯ ಲಾಂಛನ ಹಾಕಬೇಕು ಅಂತ ಅವರು, ಹಾಕುವುದಿಲ್ಲ ಅಂತ ಕೇರಳ. ಹಾಕುವುದು ಮನೆಯವರ ಮರ್ಯಾದೆಗೆ ಕುಂದು ಅಂತ ಇಲ್ಲಿಯ ಸರ್ಕಾರ ಹೇಳಿತು. ಆ ಮಾತು ನಿಜ. "ಲೈಫ್ ಮನೆಯವ" ಅಂತ ಮಕ್ಕಳು ಮಕ್ಕಳನ್ನೇ ಕರೆಯುವುದನ್ನು ನಾನು ಶಾಲೆಯ ಅಂಗಳದಲ್ಲಿ ಕೇಳಿದ್ದೇನೆ. ಗೋಡೆಯ ಮೇಲೆ ಯಾರ ಹೆಸರೂ ಬೇಡ. ಒಳಗಿರುವವರ ಹೆಸರು ಸಾಕು.

ನನ್ನ ಕೊರಗು ಬೇರೆ. ಅರ್ಜಿ ಹಾಕಿದ್ದು 2020ರಲ್ಲಿ. ಕರಡು ಪಟ್ಟಿ ಬಂದದ್ದು 2022ರ ಜೂನ್‌ನಲ್ಲಿ. ರಾಜ್ಯದಲ್ಲಿ 5 ಲಕ್ಷಕ್ಕೂ ಹೆಚ್ಚು ಕುಟುಂಬ, ಅದರಲ್ಲಿ ಜಾಗವೂ ಇಲ್ಲದವರು 1 ಲಕ್ಷದ 80 ಸಾವಿರಕ್ಕೂ ಹೆಚ್ಚು. ಪಂಚಾಯತಿನಲ್ಲಿ ಪಟ್ಟಿ ಅಂಟಿಸಿದ್ದರು, ಮಲಯಾಳದಲ್ಲಿ. ಕಾಸರಗೋಡಿನ ಕನ್ನಡಿಗರು ಕಚೇರಿಯೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ 1969ರ ಕಾನೂನೇ ಹೇಳುತ್ತದೆ. ಆದರೂ ಆ ದಿನ ಹುಡುಗನ ಅಮ್ಮ ಪಟ್ಟಿಯ ಎದುರು ಅಕ್ಷರ ಗೊತ್ತಿಲ್ಲದವರ ಹಾಗೆ ನಿಂತಿದ್ದರು. ಅವರು ಏಳನೇ ತನಕ ಕನ್ನಡ ಓದಿದವರು. ಮಗ ಬಸ್ಸಿನ ಬೋರ್ಡು ನೋಡಿ ನೋಡಿ ಮಲಯಾಳ ಓದಲು ಕಲಿತಿದ್ದ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಮೂರನೇ ಹಾಳೆಯಲ್ಲಿ ಸಿಕ್ಕಿತು. ಭೂರಹಿತರ ಪಟ್ಟಿಯಲ್ಲಿ, ನೂರರ ಆಚೆ. "ಉಂಟಮ್ಮ, ಉಂಟು" ಅಂದ. ಅಷ್ಟು ಖುಷಿಯಲ್ಲಿ ಅವನು ಮಾತಾಡಿದ್ದನ್ನು ನಾನು ಬೇರೆ ಯಾವಾಗಲೂ ಕೇಳಿಲ್ಲ.

ಎಂಟನೇ ಕ್ಲಾಸಿನಲ್ಲಿ ಅರ್ಜಿ. ಹತ್ತನೇ ಕ್ಲಾಸಿಗೆ ಕಾಲಿಟ್ಟಾಗ ಪಟ್ಟಿ. ಅಷ್ಟರೊಳಗೆ ಜಗಲಿಯಲ್ಲಿ ಜಗಳವಾಗಿ ಕ್ವಾರ್ಟರ್ಸಿಗೆ ಹೋದರು. ತಿಂಗಳಿಗೆ ಎರಡೂವರೆ ಸಾವಿರ ಬಾಡಿಗೆ, ಬೀಡಿಯ ದುಡ್ಡಿನಲ್ಲಿ. ಎರಡು ತಿಂಗಳು ಬಾಕಿಯಾಗಿ ಅಲ್ಲಿಂದ ಬಿಟ್ಟು ಇನ್ನೊಂದು ಕಡೆಗೆ. ಹುಡುಗಿಯ ಶಾಲೆ ಬದಲಾಯಿತು. ಹುಡುಗ ಪರೀಕ್ಷೆಗೆ ಓದಿದ್ದು ಕ್ವಾರ್ಟರ್ಸಿನ ಮೆಟ್ಟಿಲಲ್ಲಿ, ಹೊರಗಿನ ಲೈಟಿನಲ್ಲಿ. ಸರ್ಕಾರದ ಪಟ್ಟಿಗೆ ಐದು ವರ್ಷ ಅಂದರೆ ಒಂದು ಹಂತ. ಹದಿಮೂರು ವರ್ಷದ ಹುಡುಗನಿಗೆ ಐದು ವರ್ಷ ಅಂದರೆ ಉಳಿದ ಬಾಲ್ಯ ಪೂರ್ತಿ. ಮನೆ ಬರುವಾಗ ಅದರೊಳಗೆ ಬೆಳೆಯಬೇಕಾದ ಮಗು ಬೆಳೆದು ಹೊರಟು ಹೋಗಿರುತ್ತದೆ.

ಕಾಯುವ ಕಾಲಕ್ಕೂ ಒಂದು ಮನೆ ಬೇಕು. ನನಗೆ ಹೇಳಬೇಕಾಗಿರುವುದು ಇಷ್ಟೇ. ಪಟ್ಟಿಯಲ್ಲಿ ಹೆಸರು ಬಂದ ದಿನದಿಂದ ಕೀಲಿಕೈ ಕೈಗೆ ಬರುವ ದಿನದ ತನಕ, ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಬಾಡಿಗೆ ಕೊಡಬೇಕು. ಇದು ಆಗದ ಮಾತೇನಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದು ಮನೆ ಕಳಕೊಂಡವರಿಗೆ ಇದೇ ಸರ್ಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಟ್ಟಿತು. ಹೊಸ ಮನೆ ಆಗುವ ತನಕ ಜನ ಎಲ್ಲಿರಬೇಕು ಅಂತ ಅಲ್ಲಿ ಯೋಚಿಸಿದರು. ಗುಡ್ಡ ಒಂದೇ ರಾತ್ರಿ ಜರಿದರೆ ಎಲ್ಲರಿಗೂ ಕಾಣುತ್ತದೆ. ಹತ್ತು ಸೆಂಟ್ಸ್ ಐವತ್ತು ವರ್ಷದಲ್ಲಿ ಚೂರು ಚೂರೇ ಜರಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಕೊನೆಯಲ್ಲಿ ಹೊರಗೆ ನಿಂತ ಮಕ್ಕಳು ಎರಡೂ ಕಡೆ ಒಂದೇ.

ಇನ್ನೊಂದು ಒಳ್ಳೆಯ ದಾರಿಯನ್ನೂ ನಾನು ನೋಡಿದೆ. ಕಡುಬಡವರ ಸಮೀಕ್ಷೆ ಮಾಡಿ 64,006 ಕುಟುಂಬಗಳನ್ನು ಗುರುತಿಸಿದರಲ್ಲ, ಆಗ ಒಂದೊಂದು ಮನೆಗೂ ಬೇರೆ ಬೇರೆ ಯೋಜನೆ ಮಾಡಿದರು. ಯಾರಿಗೆ ಊಟ, ಯಾರಿಗೆ ಮದ್ದು, ಯಾರಿಗೆ ಮನೆ ಅಂತ. ರೇಷನ್ ಕಾರ್ಡು, ಆಧಾರ್ ಇಲ್ಲದವರಿಗೆ ಮೊದಲು ಅದನ್ನೇ ಮಾಡಿಸಿ ಕೊಟ್ಟರು. ಕಾಗದ ಹಿಡಿದುಕೊಂಡು ಜನರು ಕಚೇರಿಗೆ ಅಲೆಯಲಿಲ್ಲ, ಕಚೇರಿಯೇ ಜನರ ಹತ್ತಿರ ಹೋಯಿತು. 2025ರ ನವೆಂಬರ್ 1ಕ್ಕೆ ಕೇರಳದಲ್ಲಿ ಕಡುಬಡತನ ಇಲ್ಲ ಅಂತ ಘೋಷಿಸಿದರು. ಬೀಡಿ ಕಟ್ಟುವ ಈ ಅಮ್ಮ ಆ ಪಟ್ಟಿಯಲ್ಲಿ ಇರಲಿಲ್ಲ. ದುಡಿಮೆ ಇದೆಯಲ್ಲ, ಅವರು ಕಡುಬಡವರಲ್ಲ. ಆದರೆ ಆ ರೀತಿ ಒಬ್ಬರು ಅವರ ಹತ್ತಿರವೂ ಬಂದು ಕೂತು ಕೇಳಿದ್ದರೆ, ತಲಪಾಡಿಯ ಆಚೆ ಈಚೆ ಹತ್ತು ದಿನದ ಬೀಡಿ ಉಳಿಯುತ್ತಿತ್ತು.

ಹದಿನೆಂಟು ತುಂಬಿದ ಮೇಲೆ

ಕುಟುಂಬವೇ ಇಲ್ಲದ ಮಕ್ಕಳ ಮಾತು ಇನ್ನೂ ಬೇರೆ. ನನ್ನ ಒಬ್ಬಳು ಹಳೆಯ ವಿದ್ಯಾರ್ಥಿನಿ ಮಕ್ಕಳ ಆಶ್ರಮದಲ್ಲಿ ಬೆಳೆದವಳು. ಹದಿನೆಂಟು ತುಂಬಿದ ಮೇಲೆ ಕಾಲೇಜು ಹಾಸ್ಟೆಲಿಗೆ ಸೇರಿದಳು. ಓಣಂ ರಜೆಗೆ ನಾಲ್ಕು ದಿನ ಮೊದಲು ಫೋನು ಮಾಡಿದಳು. "ಟೀಚರ್, ಹಾಸ್ಟೆಲ್ ಮುಚ್ಚುತ್ತಾರೆ. ಎಲ್ಲರೂ ಮನೆಗೆ ಹೊರಟಿದ್ದಾರೆ" ಅಂದಳು. ಮುಂದೆ ಏನೂ ಹೇಳಲಿಲ್ಲ. ಹತ್ತು ದಿನ ನಮ್ಮ ಮನೆಯಲ್ಲಿ ಇದ್ದಳು. ಹೂವಿನ ರಂಗೋಲಿ ಹಾಕಿದಳು. ಹೋಗುವಾಗ ತಲೆದಿಂಬಿನ ಹೊದಿಕೆ ಒಗೆದು ಮಡಚಿಟ್ಟು ಹೋದಳು.

ಬಾಲನ್ಯಾಯ ಕಾನೂನಿನಲ್ಲಿ ಇಂಥವರಿಗೆ ದಾರಿ ಉಂಟು. ಹದಿನೆಂಟಾಗಿ ಹೊರಗೆ ಬಂದವರಿಗೆ 21 ವರ್ಷದ ತನಕ, ತೀರಾ ಬೇಕಾದರೆ 23ರ ತನಕ ಆಸರೆ ಕೊಡಬಹುದು. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಅಂತಲೂ ಉಂಟು. ಅವಳಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಇಪ್ಪತ್ತು ವರ್ಷ ಮಕ್ಕಳ ನಡುವೆ ಇದ್ದವಳಿಗೆ. ಆಶ್ರಮದಿಂದ ಹೊರಡುವ ದಿನ ಆ ಮಗುವಿನ ಕೈಗೆ ಒಂದು ಕಾಗದದಲ್ಲಿ ಅದರ ಭಾಷೆಯಲ್ಲೇ ಬರೆದು ಕೊಡಬೇಕು: ಇದು ನಿನ್ನ ಹಕ್ಕು, ಇಲ್ಲಿ ಕೇಳು, ಇವರನ್ನು ಕೇಳು. ಇದಕ್ಕೆ ಲಕ್ಷ ಬೇಡ, ಕೋಟಿ ಬೇಡ.

ನನ್ನ ಹುಡುಗ 2025ರಲ್ಲಿ ಪ್ಲಸ್ ಟು ಮುಗಿಸಿದ. ಈಗ ಮಂಗಳೂರಿನಲ್ಲಿ ಟೈಲ್ಸ್ ಅಂಗಡಿಯಲ್ಲಿ ಕೆಲಸ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇನ್ನು ಮೂವರ ಜೊತೆ ಮಲಗುತ್ತಾನೆ. ಅಮ್ಮ ಮತ್ತು ತಂಗಿ ಮೂರನೇ ಕ್ವಾರ್ಟರ್ಸಿನಲ್ಲಿ. ಪಟ್ಟಿಯಲ್ಲಿ ಅವರ ಹೆಸರು ಹಾಗೇ ಉಂಟು, ಮುಂದಿನವರಿಗೆ ಜಾಗ ಸಿಕ್ಕ ಹಾಗೆ ಸ್ವಲ್ಪ ಮೇಲೆ ಬಂದಿದೆ. ಪಂಚಾಯತಿನ ಬಾಗಿಲಲ್ಲಿ ಹೊಸ ಹಾಳೆ ಅಂಟಿಸಿದಾಗಲೆಲ್ಲ ಅಮ್ಮ ಅದರ ಫೋಟೋ ತೆಗೆದು ಮಗನಿಗೆ ಕಳಿಸುತ್ತಾರೆ, ಅವನು ಓದಿ ಹೇಳುತ್ತಾನೆ.

ಕಳೆದ ತಿಂಗಳು ಅವನು ಫೋನು ಮಾಡಿದ್ದ. ಸಂಬಳ ಬ್ಯಾಂಕಿಗೆ ಹಾಕಲು ಪ್ಯಾನ್ ಕಾರ್ಡು ಕೇಳಿದ್ದಾರಂತೆ. ಪೋಸ್ಟಿನಲ್ಲಿ ಬರುತ್ತದೆ, ಎಲ್ಲಿಗೆ ಅಂತ ಬರೆಯಬೇಕು. "ಟೀಚರ್, ನಿಮ್ಮ ಮನೆಯ ಅಡ್ರೆಸ್ ಕೊಡಬಹುದಾ?" ಅಂದ. ಕೊಡು ಅಂದೆ. ಮನೆ ಹೆಸರು, ಅಂಚೆ, ಪಿನ್ ಕೋಡ್ ಹೇಳಿದೆ. ಅವನು ಬರೆದುಕೊಂಡು ಒಮ್ಮೆ ಓದಿ ಹೇಳಿದ. ಮೊನ್ನೆ ಪೋಸ್ಟ್‌ಮ್ಯಾನ್ ಬಂದು, "ಈ ಹೆಸರಿನವರು ಇಲ್ಲಿ ಇದ್ದಾರಾ ಅಕ್ಕ?" ಅಂತ ಕೇಳಿದರು. ಇದ್ದಾನೆ ಅಂದೆ. ಕವರು ಚಾವಡಿಯ ಗಡಿಯಾರದ ಹಿಂದೆ ಇಟ್ಟಿದ್ದೇನೆ. ಭಾನುವಾರ ಬರುತ್ತಾನಂತೆ, ಅಮ್ಮನನ್ನೂ ಕರೆದುಕೊಂಡು.